ಅಟ್ಟದ ಮೇಲಣ ಸುರುಳಿ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ಚನ್ನಪಟ್ಟಣವನ್ನು ದಾಟಿ ಮದ್ದೂರನ್ನು ಮುಟ್ಟುವ ಮುನ್ನ ಸಿಗುವ ಊರು ನಿಡಘಟ್ಟ. ಮಂಡ್ಯ ಜಿಲ್ಲೆಯ ಹೆಬ್ಬಾಗಿಲಿನಂತಿರುವ ಈ ಊರಿನ ಹೆಸರು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿತು. 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿಯನ್ನು ಎರಡು ಭಾಗಗಳಾಗಿ ಕಟ್ಟಿದರು: ಬೆಂಗಳೂರಿನಿಂದ ನಿಡಘಟ್ಟದವರೆಗೆ ಒಂದು, ನಿಡಘಟ್ಟದಿಂದ ಮೈಸೂರಿನವರೆಗೆ ಇನ್ನೊಂದು. 2023ರ ಮಾರ್ಚ್ 12ರಂದು ಅದರ ಉದ್ಘಾಟನೆಯಾಯಿತು. ದಾರಿ ಅಗಲವಾಯಿತು, ಪ್ರಯಾಣದ ಹೊತ್ತು ಕಡಿಮೆಯಾಯಿತು. ಇದು ಒಳ್ಳೆಯದೇ ಸರಿ. ಆದರೆ ದಾರಿ ಅಗಲವಾಗಬೇಕಾದರೆ ಅದರ ಬದಿಯಲ್ಲಿದ್ದುದು ಹಿಂದೆ ಸರಿಯಬೇಕು. ನೆರಳು ಕೊಡುತ್ತಿದ್ದ ಮರ, ದಾರಿಹೋಕರು ಕುಳಿತೇಳುತ್ತಿದ್ದ ಜಗಲಿ, ಅಂಗಡಿಯ ಮುಂದಣ ತೆಂಗಿನ ಗರಿಯ ಚಪ್ಪರ - ಇವೆಲ್ಲ ಹೆದ್ದಾರಿಯ ಊರುಗಳಿಂದ ಒಂದೊಂದಾಗಿ ಮರೆಯಾಗುತ್ತವೆ. 'ಇಲ್ಲಿ ಮೊದಲು ಏನಿತ್ತು?' ಎಂದು ಮಗುವೊಂದು ಕೇಳಿದರೆ ಹಿರಿಯರು ಕೈಚಾಚಿ ತೋರಿಸುತ್ತಾರೆ. ಹಿರಿಯರ ಕಣ್ಣಿಗೆ ಮರ ಕಾಣುತ್ತದೆ. ಮಗುವಿನ ಕಣ್ಣಿಗೆ ಬಯಲು ಮಾತ್ರ ಕಾಣುತ್ತದೆ.

ಹಾಗೆ ಮರೆಯಾದುದು ಪೂರ್ತಿಯಾಗಿ ಇಲ್ಲವಾಗಿದೆಯೆಂದು ಹೇಳುವಂತಿಲ್ಲ. ಇಂಥ ಊರುಗಳ ಎಷ್ಟೋ ಮನೆಗಳಲ್ಲಿ, ಅಟ್ಟದ ಮೇಲೋ ಮಂಚದ ಕೆಳಗಿನ ಟ್ರಂಕಿನಲ್ಲೋ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಕೆಲವು ಕಪ್ಪು ಡಬ್ಬಿಗಳಿರುತ್ತವೆ. ಅವು ವಿಡಿಯೊ ಕ್ಯಾಸೆಟ್ಟುಗಳು. 1982ರಲ್ಲಿ ದೆಹಲಿಯಲ್ಲಿ ಏಷ್ಯಾ ಕ್ರೀಡಾಕೂಟ ನಡೆದಾಗ ಭಾರತದಲ್ಲಿ ಬಣ್ಣದ ದೂರದರ್ಶನ ಕಾಲಿಟ್ಟಿತು. ಅದರ ಹಿಂದೆಯೇ ವಿಡಿಯೊ ಯಂತ್ರವೂ ಊರೂರಿಗೆ ಹಬ್ಬಿತು. ಹೆಗಲ ಮೇಲೆ ಭಾರವಾದ ಕ್ಯಾಮೆರಾ ಹೊತ್ತವನೊಬ್ಬ, ಪ್ರಖರವಾದ ದೀಪ ಹಿಡಿದವನು ಇನ್ನೊಬ್ಬ - ಈ ಇಬ್ಬರು ಬಾರದೆ ಮದುವೆ ಪೂರ್ಣವಾಗದು ಎಂಬಂಥ ಕಾಲವೂ ಬಂದಿತು. ಹೊರದೇಶಕ್ಕೆ ದುಡಿಯಲು ಹೋದ ಮಕ್ಕಳು ರಜೆಗೆ ಬರುವಾಗ ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಕ್ಯಾಮ್‌ಕಾರ್ಡರನ್ನೂ ತಂದರು. ಹೀಗೆ ಸುಮಾರು ಇಪ್ಪತ್ತು ವರ್ಷಗಳ ಸಂಸಾರದ ಸುಖದುಃಖಗಳು ಸುರುಳಿಗಳ ಮೇಲೆ ಅಚ್ಚಾದವು.

ಮದುವೆಯ ವಿಡಿಯೊವನ್ನು ಮದುವೆಯಾದವರೇ ಎರಡನೆಯ ಸಲ ನೋಡುವುದಿಲ್ಲವೆಂದು ಹಾಸ್ಯ ಮಾಡುವುದುಂಟು. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಮೂರು ಗಂಟೆಗಳ ಸುರುಳಿಯಲ್ಲಿ ಎರಡು ಗಂಟೆ ಜನರು ಸಾಲಾಗಿ ಬಂದು ಅಕ್ಷತೆ ಹಾಕಿ ಹೋಗುತ್ತಾರೆ. ಉಳಿದ ಒಂದು ಗಂಟೆ ಉಣ್ಣುತ್ತಾರೆ. ಆದರೆ ಕಾಲ ಕಳೆದಂತೆ ಅದೇ ಸುರುಳಿಯ ಅರ್ಥ ಬದಲಾಗುತ್ತದೆ. ಅಂದು ಕ್ಯಾಮೆರಾ ಹಿಡಿದವನು ವಧೂವರರನ್ನು ಮಾತ್ರ ಸೆರೆಹಿಡಿಯಬೇಕೆಂದಿದ್ದನು. ಅವನಿಗೆ ಅರಿವಿಲ್ಲದೆಯೇ ಹಿಂಬದಿಯಲ್ಲಿ ಊರು ಸೆರೆಯಾಯಿತು. ಎತ್ತಿನ ಗಾಡಿಯಿಂದ ಇಳಿಯುವ ಬೀಗರು, ಚಪ್ಪರದ ಕಂಬಕ್ಕೆ ಕಟ್ಟಿದ ಬಾಳೆಯ ಕಂದು, ಕಣದ ಅಂಚಿನ ಹುಲ್ಲಿನ ಮೆದೆ, ಓಲಗದವರ ಪಕ್ಕದಲ್ಲಿ ಕಣ್ಣರಳಿಸಿ ನಿಂತ ಚಡ್ಡಿಯ ಹುಡುಗ - ಇವು ಯಾವುದನ್ನೂ ಅವನು ಬೇಕೆಂದು ತೆಗೆಯಲಿಲ್ಲ. ಮೂವತ್ತೈದು ವರ್ಷಗಳ ಬಳಿಕ ನೋಡುವವರ ಕಣ್ಣು ನಿಲ್ಲುವುದು ಮಾತ್ರ ಇವುಗಳ ಮೇಲೆಯೇ.

ಇದಕ್ಕಿಂತಲೂ ಹೆಚ್ಚಿನದು ಧ್ವನಿ. ಗೋಡೆಯ ಮೇಲೆ ಹಾರ ಹಾಕಿದ ಭಾವಚಿತ್ರಕ್ಕೆ ಮುಖವಿದೆ, ಮಾತಿಲ್ಲ. ಹಸೆಮಣೆಯ ಬಳಿ ಕುಳಿತು ಸೋಬಾನೆ ಹೇಳಿದ ಅಜ್ಜಿಯ ಕೊರಳು, ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಹೆಸರು ಹಿಡಿದು ಕರೆದ ಅಜ್ಜನ ಗದರು ದನಿ ಆ ಕಪ್ಪು ಡಬ್ಬಿಯೊಳಗಲ್ಲದೆ ಬೇರೆಲ್ಲಿಯೂ ಇಲ್ಲದಿರಬಹುದು. ಅಜ್ಜಿ ತೀರಿಕೊಂಡಿದ್ದಾಳೆ. ಅವಳ ಹಾಡನ್ನು ಯಾರೂ ಬರೆದುಕೊಳ್ಳಲಿಲ್ಲ. ಉಳಿದಿರುವುದು ಅರ್ಧ ಅಂಗುಲ ಅಗಲದ ಒಂದು ಪಟ್ಟಿ.

ಆ ಪಟ್ಟಿಯ ಸ್ವಭಾವವನ್ನು ತಿಳಿಯುವುದು ಅವಶ್ಯಕ. ಮೇಲುನೋಟಕ್ಕೆ ಗಟ್ಟಿಯಾಗಿ ಕಾಣುವ ಈ ವಸ್ತು ಬಹಳ ದುರ್ಬಲವಾದುದು. ಪಾಲಿಯೆಸ್ಟರಿನ ತೆಳುವಾದ ಪಟ್ಟಿಯ ಮೇಲೆ ಕಾಂತಗುಣವುಳ್ಳ ಸೂಕ್ಷ್ಮ ಕಣಗಳನ್ನು ಒಂದು ಬಗೆಯ ಅಂಟಿನಿಂದ ಹಿಡಿದಿಟ್ಟಿರುತ್ತಾರೆ. ಚಿತ್ರವಾಗಲಿ ಧ್ವನಿಯಾಗಲಿ ಇರುವುದು ಆ ಕಣಗಳ ಕಾಂತತೆಯ ವಿನ್ಯಾಸದಲ್ಲಿ. ಗಾಳಿಯ ತೇವವನ್ನು ಹೀರಿದಂತೆ ಅಂಟು ಸಡಿಲವಾಗುತ್ತದೆ, ಸುರುಳಿ ಜಿಗುಟಾಗುತ್ತದೆ, ಕಣಗಳು ಉದುರತೊಡಗುತ್ತವೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬೇಸಗೆಯ ಅಟ್ಟದ ಕಾವಿಗೆ ಪಟ್ಟಿ ಸೊಟ್ಟಗಾಗುತ್ತದೆ. ಇದು ಸುರುಳಿಯ ಮೊದಲನೆಯ ಸಾವು.

ಎರಡನೆಯ ಸಾವು ಯಂತ್ರದ್ದು. ತಾಳೆಗರಿಯನ್ನು ಓದಲು ಕಣ್ಣು ಸಾಕು; ಸುರುಳಿಯನ್ನು ಓದಲು ಯಂತ್ರ ಬೇಕು. ವಿ.ಎಚ್.ಎಸ್. ಎಂಬ ಕ್ಯಾಸೆಟ್ಟಿನ ಪದ್ಧತಿ ಜಪಾನಿನಲ್ಲಿ 1976ರಲ್ಲಿ ಮಾರುಕಟ್ಟೆಗೆ ಬಂದಿತು. ಅದೇ ಜಪಾನಿನ ಫುನೈ ಸಂಸ್ಥೆ 2016ರ ಜುಲೈ ತಿಂಗಳಲ್ಲಿ ಆ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು. ಇಂದು ಉಳಿದಿರುವುದು ಹಳೆಯ ಯಂತ್ರಗಳು ಮಾತ್ರ. ಅವುಗಳ ಬಿಡಿಭಾಗಗಳು ದುರ್ಲಭ. ಅವನ್ನು ಬಿಚ್ಚಿ ಸರಿಪಡಿಸಬಲ್ಲ ಕೈಗಳು ಇನ್ನೂ ದುರ್ಲಭ. ಯುನೆಸ್ಕೊ 2019ರಲ್ಲಿ ಈ ಬಗ್ಗೆ ಜಗತ್ತಿನ ಸಂಗ್ರಹಾಲಯಗಳಿಗೆ ಎಚ್ಚರಿಕೆ ನೀಡಿತು. 2025ರ ಸುಮಾರಿಗೆ ಸುರುಳಿಗಳನ್ನು ಓದುವ ಅನುಕೂಲವೇ ತಪ್ಪಿಹೋಗಬಹುದೆಂದು ತಜ್ಞರು ಹೇಳಿದರು. ಆ ಗಡುವು ಈಗ ಬಂದೇ ಬಿಟ್ಟಿದೆ. ಸುರುಳಿ ಚೆನ್ನಾಗಿದ್ದೂ ಯಂತ್ರವಿಲ್ಲದಿದ್ದರೆ ಅದು ಬೀಗದ ಕೈ ಕಳೆದುಹೋದ ಪೆಟ್ಟಿಗೆಯಂತೆಯೇ.

ಕಾಲ ಮೀರಿದರೆ ಕೆಲಸ ಕೆಡುತ್ತದೆಂಬುದನ್ನು ಮಂಡ್ಯ ಸೀಮೆಯ ರೇಷ್ಮೆ ಬೆಳೆಗಾರನಿಗೆ ಹೇಳಿಕೊಡಬೇಕಾಗಿಲ್ಲ. ಗೂಡು ಕಟ್ಟಿದ ಕೆಲವೇ ದಿನಗಳಲ್ಲಿ ಅದನ್ನು ಮಾರುಕಟ್ಟೆಗೆ ಒಯ್ಯಬೇಕು. ಹುಳು ಚಿಟ್ಟೆಯಾಗುವುದರೊಳಗೆ ನೂಲು ಬಿಚ್ಚುವ ವ್ಯವಸ್ಥೆಯಾಗಬೇಕು. ತಡವಾದರೆ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ. ಗೂಡೇನೋ ಕೈಯಲ್ಲಿ ಉಳಿದಿರುತ್ತದೆ. ಅದರಿಂದ ಒಂದೇ ಎಳೆಯಾಗಿ ನೂಲು ಬರುವುದಿಲ್ಲ. ಅಟ್ಟದ ಮೇಲಣ ಸುರುಳಿಯೂ ಅಂಥದೇ ಗೂಡು.

ಆದುದರಿಂದ ಸುರುಳಿಯಲ್ಲಿರುವುದನ್ನು ಬೇಗನೆ ಡಿಜಿಟಲ್ ರೂಪಕ್ಕೆ ಇಳಿಸಿಕೊಳ್ಳಬೇಕು. ಅದರ ವಿಧಾನ ಕಠಿಣವಾದುದಲ್ಲ. ಹಳೆಯ ಯಂತ್ರದಲ್ಲಿ ಸುರುಳಿಯನ್ನು ಓಡಿಸುತ್ತಾರೆ; ಅದರಿಂದ ಹೊರಡುವ ವಿದ್ಯುತ್ ಸಂಕೇತವನ್ನು ಒಂದು ಸಣ್ಣ ಉಪಕರಣ ಅಂಕಿಗಳಾಗಿ ಮಾರ್ಪಡಿಸುತ್ತದೆ; ಆ ಅಂಕಿಗಳನ್ನು ಗಣಕಯಂತ್ರ ಕಡತವಾಗಿ ಉಳಿಸಿಕೊಳ್ಳುತ್ತದೆ. ಇಲ್ಲಿ ಅವಸರಕ್ಕೆ ಎಡೆಯಿಲ್ಲ. ಮೂರು ಗಂಟೆಯ ಸುರುಳಿಯನ್ನು ಇಳಿಸಲು ಮೂರು ಗಂಟೆ ಬೇಕೇ ಬೇಕು. ಬೂಷ್ಟು ಹಿಡಿದ ಸುರುಳಿಯನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಸುರುಳಿಯೂ ಕೆಡುತ್ತದೆ, ಯಂತ್ರವೂ ಕೆಡುತ್ತದೆ. ಅಂಥದನ್ನು ತಿಳಿದವರ ಕೈಗೇ ಒಪ್ಪಿಸಬೇಕು. ಕ್ಯಾಸೆಟ್ಟಿನ ಬೆನ್ನಿನ ಒಂದು ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಚೂರೊಂದು ಇರುತ್ತದೆ. ಅದನ್ನು ಮುರಿದರೆ ಸುರುಳಿಯ ಮೇಲೆ ಮತ್ತೊಂದು ಮುದ್ರಣ ಮಾಡಲು ಯಂತ್ರ ಒಪ್ಪುವುದಿಲ್ಲ. ಇಷ್ಟು ಸಣ್ಣ ಎಚ್ಚರಿಕೆ ವಹಿಸದೆ, ನಾಮಕರಣದ ಸುರುಳಿಯ ಮೇಲೆ ಭಾನುವಾರದ ಸಿನಿಮಾವನ್ನು ಅಚ್ಚುಮಾಡಿಕೊಂಡು ಪೇಚಾಡಿದವರು ಹಲವರು.

ಇದಕ್ಕೆಲ್ಲ ಹಣವೆಲ್ಲಿಂದ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. ಮಳೆಯನ್ನೂ ಕಾಲುವೆಯ ನೀರನ್ನೂ ನಂಬಿ ಬದುಕುವ ಮನೆಗೆ ಹತ್ತು ಕ್ಯಾಸೆಟ್ಟುಗಳ ವೆಚ್ಚವೂ ಹೊರೆಯೇ. ಆದರೆ ಪ್ರತಿಯೊಂದು ಮನೆಯೂ ಒಂದೊಂದು ಯಂತ್ರವನ್ನು ಹುಡುಕಬೇಕಾಗಿಲ್ಲ. ಊರಿಗೆ ಒಂದು ಯಂತ್ರ ಸಾಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿಯೋ ಪ್ರೌಢಶಾಲೆಯಲ್ಲಿಯೋ ಅದನ್ನು ಇರಿಸಿ, ಸರದಿಯಂತೆ ಬಳಸಿದರೆ ಒಂದು ಬೇಸಗೆಯ ರಜೆಯಲ್ಲಿ ಊರಿನ ಬಹುಪಾಲು ಕೆಲಸ ಮುಗಿಯುತ್ತದೆ. ಕಬ್ಬು ಅರೆಯುವ ಆಲೆಮನೆಯನ್ನು ಪ್ರತಿಯೊಬ್ಬ ರೈತನೂ ತನಗೆಂದು ಬೇರೆಯಾಗಿ ಹೂಡುವುದಿಲ್ಲ. ಸರದಿ ಬಂದಾಗ ತನ್ನ ಕಬ್ಬನ್ನು ತರುತ್ತಾನೆ. ಇದೂ ಹಾಗೆಯೇ ನಡೆಯಬಲ್ಲದು.

ಹೋದದ್ದು ಹೋಯಿತು, ಹಳೆಯದನ್ನು ಕಟ್ಟಿಕೊಂಡು ಏನಾಗಬೇಕು ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಉತ್ತರವನ್ನು ಮದ್ದೂರು ತಾಲ್ಲೂಕಿನ ಒಂದು ಕಲ್ಲು ಹೇಳುತ್ತದೆ. ಇದೇ ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಶಾಸನವೊಂದು ದೊರೆಯಿತು. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣ, ಗಂಗರ ಬೂತುಗ ಇವರ ಕಾಲದ ಕಲ್ಲು ಅದು. ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನನ್ನು ಮೆಚ್ಚಿ, ಏನು ಬೇಕೆಂದು ಒಡೆಯನು ಕೇಳಿದಾಗ ಅವನು ಹೊನ್ನನ್ನು ಕೇಳಲಿಲ್ಲ, ಊರನ್ನು ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ಎರಡೂ ಒಟ್ಟಿಗೆ ಸತ್ತವು. ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳಿಗೂ ಹಿಂದೆ ಈ ನೆಲದ ಜನ ಒಂದು ನಾಯಿಯನ್ನೂ ಮರೆಯಲೊಪ್ಪಲಿಲ್ಲ. ಅದೇ ನೆಲದಲ್ಲಿ ಇಂದು ಮನೆಯ ಅಜ್ಜಿಯ ದನಿ ನಲವತ್ತು ವರ್ಷ ಬಾಳದೆ ಉದುರಿಹೋಗುವುದನ್ನು ಒಪ್ಪಬೇಕೆ?

ಎಲ್ಲರೂ ಕಲ್ಲಿನಲ್ಲಿ ಬರೆಸಲಾರರೆಂಬುದು ನಿಜ. ಕಲ್ಲಲ್ಲದುದನ್ನು ಉಳಿಸುವ ಬಗೆಯನ್ನೂ ಕನ್ನಡ ನಾಡು ಅರಿತಿತ್ತು. ಅದೇ ಮುಮ್ಮಡಿ ಕೃಷ್ಣನ ಆಶ್ರಯದಲ್ಲಿದ್ದ ಕವಿ ಪೊನ್ನ. ಮಲ್ಲಪ, ಪುನ್ನಮಯ್ಯ ಎಂಬ ಸೋದರರ ಪ್ರೇರಣೆಯಿಂದ ಅವನು ಶಾಂತಿಪುರಾಣವನ್ನು ಬರೆದನು. ತಾಳೆಗರಿಗೆ ಆಯುಸ್ಸು ಕಡಿಮೆ; ಹುಳು ತಿನ್ನುತ್ತದೆ, ಅಂಚು ಮುರಿಯುತ್ತದೆ. ಮಲ್ಲಪನ ಮಗಳು ಅತ್ತಿಮಬ್ಬೆ ಇದನ್ನು ಅರಿತಿದ್ದಳು. ತನ್ನ ತಂದೆ ಬರೆಯಿಸಿದ ಆ ಕೃತಿಯ ಸಾವಿರ ಪ್ರತಿಗಳನ್ನು ಮಾಡಿಸಿ ಆಕೆ ದಾನ ಮಾಡಿದಳು. ಅತ್ತಿಮಬ್ಬೆಯನ್ನು ನಾಡು ದಾನಚಿಂತಾಮಣಿಯೆಂದು ಕೊಂಡಾಡಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆಕೆ ಮೂಲ ಪ್ರತಿಯನ್ನು ಚಿನ್ನದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಪ್ರತಿ ಮಾಡಿಸಿ ಹಂಚಿದಳು. ಬಚ್ಚಿಟ್ಟದ್ದು ಒಂದೇ ಕಡೆ ಇರುತ್ತದೆ. ಆ ಒಂದು ಕಡೆ ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಗೆದ್ದಲು ಹತ್ತಿದರೆ ಎಲ್ಲವೂ ಹೋಗುತ್ತದೆ. ಹಂಚಿದ್ದು ಎಲ್ಲಿಯಾದರೂ ಒಂದು ಕಡೆ ಉಳಿಯುತ್ತದೆ.

ಈ ಪಾಠವನ್ನು ಮರೆತುದರ ಫಲವನ್ನೂ ಕನ್ನಡ ನಾಡು ಉಂಡಿದೆ. 1934ರಲ್ಲಿ ತೆರೆಗೆ ಬಂದ 'ಸತಿ ಸುಲೋಚನ' ಕನ್ನಡದ ಮೊದಲ ವಾಕ್ಚಿತ್ರ. ಕನ್ನಡ ಮಾತು ಬೆಳ್ಳಿತೆರೆಯ ಮೇಲೆ ಮೊದಲ ಬಾರಿಗೆ ಹೇಗೆ ಕೇಳಿಸಿತೆಂಬುದನ್ನು ಇಂದು ಯಾರೂ ಕೇಳಲಾರರು. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಬಲಿಷ್ಠ ರಾಷ್ಟ್ರಗಳೂ ಇದಕ್ಕೆ ಹೊರತಲ್ಲ. 1969ರ ಜುಲೈ ತಿಂಗಳಲ್ಲಿ ಮಾನವನು ಚಂದ್ರನ ಮೇಲೆ ಕಾಲಿಟ್ಟನು. ಆ ದೃಶ್ಯವನ್ನು ನೇರವಾಗಿ ಹಿಡಿದಿದ್ದ ಮೂಲ ಸುರುಳಿಗಳನ್ನು ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ಬಹುಕಾಲ ಹುಡುಕಿತು. ಅವು ಅಳಿಸಲ್ಪಟ್ಟು ಬೇರೆ ಕೆಲಸಕ್ಕೆ ಮರುಬಳಕೆಯಾಗಿರಬೇಕೆಂದು 2009ರಲ್ಲಿ ತಿಳಿಸಿತು. ಜಗತ್ತು ಇಂದಿಗೂ ಆ ದೃಶ್ಯವನ್ನು ನೋಡುತ್ತಿರುವುದು ದೂರದರ್ಶನ ಕೇಂದ್ರಗಳು ಮುಂತಾದ ಕಡೆಗಳಲ್ಲಿ ಉಳಿದಿದ್ದ ಪ್ರತಿಗಳಿಂದ. ಮೂಲ ಅಳಿದರೂ ಪ್ರತಿ ಕೈಹಿಡಿಯಿತು.

ಹಾಗೆಂದು ಡಿಜಿಟಲ್ ರೂಪಕ್ಕೆ ಇಳಿಸಿದೊಡನೆ ಕರ್ತವ್ಯ ಮುಗಿಯಿತೆಂದು ಭಾವಿಸುವುದು ತಪ್ಪು. ಎರಡು ದಶಕಗಳ ಹಿಂದೆ ಎಷ್ಟೋ ಕುಟುಂಬಗಳು ಕ್ಯಾಸೆಟ್ಟುಗಳನ್ನು ಸಿ.ಡಿ.ಗಳಿಗೆ ಇಳಿಸಿಕೊಂಡು ನೆಮ್ಮದಿಯಾಗಿದ್ದವು. ಕೆಲವರು ಮೂಲ ಕ್ಯಾಸೆಟ್ಟನ್ನು ಗುಜರಿಗೂ ಹಾಕಿದರು. ಈಗ ಆ ಸಿ.ಡಿ.ಗಳಲ್ಲಿ ಕೆಲವಕ್ಕೆ ಗೀರು ಬಿದ್ದಿದೆ, ಕೆಲವು ಮಬ್ಬಾಗಿವೆ. ಅವನ್ನು ಹಾಕಿ ನೋಡೋಣವೆಂದರೆ ಹೊಸ ಗಣಕಯಂತ್ರಗಳಲ್ಲಿ ಸಿ.ಡಿ. ಇಡುವ ಬಾಯಿಯೇ ಇಲ್ಲ. ಹಾರ್ಡ್ ಡಿಸ್ಕು ಒಂದು ದಿನ ಸದ್ದಿಲ್ಲದೆ ನಿಲ್ಲುತ್ತದೆ. ಮೊಬೈಲ್ ಕಳೆದುಹೋಗುತ್ತದೆ. ಆದರೆ ಡಿಜಿಟಲ್ ರೂಪಕ್ಕೆ ಒಂದು ಹಿರಿದಾದ ಗುಣವಿದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿ ಮಾಡಿದರೆ ಪ್ರತಿಸಲವೂ ಚಿತ್ರ ಸ್ವಲ್ಪ ಮಾಸುತ್ತದೆ. ಡಿಜಿಟಲ್ ಕಡತವನ್ನು ಸರಿಯಾಗಿ ಪ್ರತಿ ಮಾಡಿದರೆ ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. ಆದುದರಿಂದ ಒಂದು ಪ್ರತಿ ಮನೆಯಲ್ಲಿ, ಒಂದು ಪಟ್ಟಣದಲ್ಲಿರುವ ಮಗನಲ್ಲಿ, ಇನ್ನೊಂದು ಗಂಡನ ಮನೆಗೆ ಹೋದ ಮಗಳಲ್ಲಿ ಇರುವಂತೆ ನೋಡಿಕೊಳ್ಳಬೇಕು. ಕೆಲವು ವರ್ಷಗಳಿಗೊಮ್ಮೆ ಅವನ್ನು ತೆರೆದು ನೋಡಿ, ಆ ಕಾಲದ ಹೊಸ ಸಾಧನಕ್ಕೆ ಮತ್ತೆ ಇಳಿಸಬೇಕು. ಮೂಲ ಸುರುಳಿಯನ್ನೂ ಎಸೆಯಬಾರದು. ಉಳಿಸುವುದೆಂದರೆ ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ದೀಪಕ್ಕೆ ಎಣ್ಣೆ ಎರೆದಂತೆ ಮತ್ತೆ ಮತ್ತೆ ಮಾಡುವ ಕೆಲಸ.

ಸುರುಳಿಗೆ ಎರಡು ಸಾವುಗಳುಂಟೆಂದು ಮೇಲೆ ಹೇಳಿದೆ. ಮೂರನೆಯದೂ ಒಂದುಂಟು, ಅದೇ ಎಲ್ಲಕ್ಕಿಂತ ಕಠೋರವಾದುದು. ಚಿತ್ರ ಸ್ಪಷ್ಟವಾಗಿದೆ, ಧ್ವನಿಯೂ ಕೇಳುತ್ತಿದೆ, ಆದರೆ ಅಲ್ಲಿರುವವರು ಯಾರೆಂದು ಹೇಳುವವರು ಯಾರೂ ಇಲ್ಲ! ಹಸಿರು ಸೀರೆಯುಟ್ಟು ಆರತಿ ಎತ್ತಿದವಳು ಯಾರ ಮಗಳು? ಕಂಬಕ್ಕೊರಗಿ ನಗುತ್ತಿರುವ ಮುದುಕನಿಗೂ ಈ ಮನೆಗೂ ಏನು ನಂಟು? ಆ ಹಾಡಿನ ಮುಂದಿನ ನುಡಿ ಯಾವುದು? ಉತ್ತರ ಬಲ್ಲವರು ಈಗ ಎಪ್ಪತ್ತನ್ನೋ ಎಂಬತ್ತನ್ನೋ ದಾಟಿದವರು. ಸುರುಳಿ ಇನ್ನೂ ಐದು ವರ್ಷ ಕಾಯಬಹುದು; ಅವರು ಕಾಯುವರೆಂಬ ಭರವಸೆಯಿಲ್ಲ. ಹೆಸರಿಲ್ಲದ ಮುಖಗಳ ನೂರು ಗಂಟೆಯ ಚಿತ್ರವನ್ನು ಮೊಮ್ಮಕ್ಕಳಿಗೆ ಬಿಟ್ಟುಹೋದರೆ ಅದು ಆಸ್ತಿಯಾಗದು, ಒಗಟಾಗುವುದು.

ಈ ಕೆಲಸಕ್ಕೆ ಯಂತ್ರ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ. ಒಂದು ನೋಟುಪುಸ್ತಕ, ಒಂದು ಲೇಖನಿ, ಬಿಡುವಾದ ಕೆಲವು ಸಂಜೆಗಳು ಸಾಕು. ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಇದನ್ನು ಚೆನ್ನಾಗಿ ಮಾಡಬಲ್ಲನು. ವಿದ್ಯಾರ್ಥಿನಿಯಂತೂ ಇನ್ನೂ ಚೆನ್ನಾಗಿ ಮಾಡಬಹುದು, ಏಕೆಂದರೆ ಸೋಬಾನೆಯ ಹಾಡುಗಳು ಹೆಚ್ಚಾಗಿ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಸೊತ್ತು. ಇಳಿಸಿಕೊಂಡ ಚಿತ್ರವನ್ನು ಅಜ್ಜಿಯ ಮುಂದೆ ಓಡಿಸಿ, ಅವಳು ಗುರುತು ಹಿಡಿದಲ್ಲಿ ನಿಲ್ಲಿಸಿ, ಎಷ್ಟನೆಯ ನಿಮಿಷದಲ್ಲಿ ಯಾರು ಕಾಣುತ್ತಾರೆಂದು ಬರೆದುಕೊಂಡರಾಯಿತು. ಕಡತಕ್ಕೆ ಊರು, ವರ್ಷ, ಸಂದರ್ಭ ಇವನ್ನು ಹೆಸರಾಗಿ ಕೊಟ್ಟರಾಯಿತು. ಬರೆಯುತ್ತ ಹೋದಂತೆ ಮಕ್ಕಳಿಗೆ ತಿಳಿಯದಿದ್ದ ನಂಟುಗಳು, ಮನೆಯಲ್ಲಿ ಯಾರೂ ಆಡದಿದ್ದ ಕಥೆಗಳು ಹೊರಬರುತ್ತವೆ. ಆ ಸಂಜೆಗಳಲ್ಲಿ ಕೇಳಿದ್ದು ಕೆಲವೊಮ್ಮೆ ಸುರುಳಿಯಲ್ಲಿ ಇರುವುದಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದಾಗಿರುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮನೆಯ ಸುರುಳಿಯಲ್ಲಿ ಇರುವುದೆಲ್ಲ ಊರಿನ ಮುಂದೆ ಇಡತಕ್ಕದ್ದಲ್ಲ. ಮಗಳನ್ನು ಒಪ್ಪಿಸಿಕೊಡುವಾಗ ತಾಯಿ ಸುರಿಸಿದ ಕಣ್ಣೀರು, ಬೀಗರ ನಡುವೆ ಎದ್ದು ಅಡಗಿದ ಒಂದು ಮಾತು, ಈಗ ಬದುಕಿಲ್ಲದ ಎಳೆಯ ಮಗುವಿನ ನಗೆ - ಇವು ಆ ಮನೆಯವರಿಗೆ ಸಲ್ಲುವ ನೆನಪುಗಳು. ಹಂಚುವುದೆಂದರೆ ಬೀದಿಗೆ ಎಸೆಯುವುದಲ್ಲ. ಚಿತ್ರದಲ್ಲಿರುವವರನ್ನೋ ಅವರ ಮಕ್ಕಳನ್ನೋ ಕೇಳಿ, ಅವರು ಒಪ್ಪಿದುದನ್ನು ಮಾತ್ರ ಹೊರಗಿನವರಿಗೆ ತೋರಿಸುವುದು ವಿವೇಕ.

ಆತಕೂರಿನ ಕಲ್ಲಿನಲ್ಲಿ ಇನ್ನೊಂದು ಮಾತು ಕೊರೆದಿದೆ. ಅಲ್ಲಿಯ ದೇವಾಲಯದ ಆಡಳಿತ ನೋಡಿಕೊಳ್ಳುವ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಕೂಡದು. ಉಂಡರೆ ಪಾಪ ತಟ್ಟುತ್ತದೆ. ಕಲ್ಲಿನಷ್ಟು ಗಟ್ಟಿಯಾದುದು ಬೇರೆ ಇಲ್ಲವೆಂದು ಜನ ತಿಳಿಯುತ್ತಾರೆ. ಅದನ್ನು ನಿಲ್ಲಿಸಿದವರು ಮಾತ್ರ ಕಲ್ಲನ್ನೇ ನಂಬಿ ಸುಮ್ಮನಾಗಲಿಲ್ಲ. ದಿನವೂ ಅದರ ಕಡೆ ತಿರುಗಿ ನೋಡುವ ಒಬ್ಬ ಮನುಷ್ಯನನ್ನು ಗೊತ್ತುಮಾಡಿದರು. ನೆನಪು ಉಳಿಯುವುದು ಅದನ್ನು ಬರೆದ ವಸ್ತುವಿನ ಬಲದಿಂದ ಮಾತ್ರವಲ್ಲ, ಅದನ್ನು ನೋಡಿಕೊಳ್ಳುವವರ ನಿಷ್ಠೆಯಿಂದ. ಕಲ್ಲಿಗೇ ಒಬ್ಬ ಗೊರವನು ಬೇಕಾದಾಗ ಅಟ್ಟದ ಮೇಲಣ ಸುರುಳಿಗೆ ಬೇಡವೆ? ನಿಡಘಟ್ಟದ ಮನೆಯೊಂದರಲ್ಲಿ ಆ ಹೊಣೆಯನ್ನು ಹೊರುವವರು ಹದಿನಾಲ್ಕು ವರ್ಷದ ಹುಡುಗನೋ ಹುಡುಗಿಯೋ ಆಗಿದ್ದರೆ, ಆ ಮನೆಯ ಅಜ್ಜಿಯ ಹಾಡು ಇನ್ನೂ ಒಂದು ತಲೆಮಾರಿನ ಕಿವಿಗೆ ಬೀಳುತ್ತದೆ.